ದೊಡ್ಡ ಡಾಕ್ಟ್ರು ಇಲ್ವಾ ಅಂತ ಕೇಳಿದ್ರೆ ಏನ್ ಮಾಡೋದು

ನಂಗೀಗ 28 ವರ್ಷ, ಎತ್ತರ ಐದಡಿಗೆ ಒಂದಿಂಚು ಕಮ್ಮಿ, ಮುಖ ಮಾತ್ರ ಪಿಯುಸಿ ಐಡಿ ಕಾರ್ಡಲ್ಲಿದ್ದ ಹಂಗೇ ನಿಂತೋಗಿದೆ. ಕೆಲ್ಸ ಮಂಡ್ಯ ಕಡೆ ಒಂದು ತಾಲೂಕು ಆಸ್ಪತ್ರೇಲಿ. ಕುತ್ತಿಗೆಗೆ ಸ್ಟೆತ್ ನೇತಾಕೊಂಡು ಕುರ್ಚಿ ಮೇಲೇ ಕೂತಿದ್ರೂ ಬಾಗಿಲಲ್ಲಿ ನಿಂತು "ಪಾಪು, ಡಾಕ್ಟ್ರು ತಿಂಡಿಗೆ ಹೋದ್ರಾ?" ಅಂತ ಕೇಳ್ತಾರೆ. ನಿಮ್ದೂ ಇದೇ ಕಥೆ ಆಗಿದ್ರೆ ಓದಿ.

ಮೊದ್ಲು ಯಾವ್ದು ವರ್ಕ್ ಆಗಲ್ಲ ಅಂತ ಹೇಳ್ಬಿಡ್ತೀನಿ, ದುಡ್ಡು ಉಳೀತದೆ. ಪವರ್ ಇಲ್ದಿರೋ ಕನ್ನಡಕ ಹಾಕಿ ನೋಡ್ದೆ, ಆಗ್ಲಿಲ್ಲ. ಸೀರೆ ಉಟ್ಕೊಂಡು ಹೋದೆ, "ಕಾಲೇಜಲ್ಲಿ ಫಂಕ್ಷನ್ನಾ ಪುಟ್ಟಿ?" ಅಂದ್ರು. ನಮ್ ಬ್ಯಾಚಿನ ಹುಡುಗ ಒಬ್ಬ ಗಡ್ಡ ಬಿಟ್ಟ, ಅವ್ನಿಗೆ ಲವ್ ಫೇಲ್ಯೂರಾ ಅಂತ ಕೇಳಿದ್ರಂತೆ. ಬಿಳಿ ಕೋಟಿಂದಂತೂ ಏನೂ ಉಪಯೋಗ ಇಲ್ಲ ಬಿಡಿ, ಲ್ಯಾಬ್‌ನವ್ರು, ಫಾರ್ಮಸಿಯವ್ರು, ನರ್ಸಿಂಗ್ ಮಕ್ಳು ಎಲ್ರೂ ಅದನ್ನೇ ಹಾಕೊಂಡು ಓಡಾಡೋವಾಗ ಪಾಪ ಪೇಷಂಟ್‌ಗೆ ಹೆಂಗ್ ಗೊತ್ತಾಗ್ಬೇಕು. ಕೆಲ್ಸಕ್ಕೆ ಬಂದಿದ್ದು ಒಂದೇ, ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ "ಡಾ." ಅಂತ ಬರ್ಸಿದ ಬ್ಯಾಡ್ಜ್.

ಅವ್ರು ಕೇಳೋಕ್ ಮುಂಚೆ ನೀವೇ ಬಾಯಿ ಬಿಡಿ. "ಬನ್ನಿ ಅಜ್ಜಿ, ಕೂತ್ಕೊಳಿ, ನಾನೇ ಡಾಕ್ಟ್ರು, ಏನಾಗ್ತೈತೆ ಹೇಳಿ" ಅಂತ ಒಂದೇ ಉಸ್ರಲ್ಲಿ. "ನಾನೇ" ಅನ್ನೋದನ್ನ ಒತ್ತಿ ಹೇಳ್ಬೇಡಿ, ಜಗಳಕ್ಕೆ ಬಂದ ಹಂಗೆ ಇರತ್ತೆ. ಮಗಾ, ಪಾಪು ಅಂದ್ರೆ ಅನ್ಲಿ, ಅದನ್ನ ತಿದ್ದೋಕೆ ಹೋಗ್ಬೇಡಿ. ಆದ್ರೆ ನಿಮ್ ಸಿಸ್ಟರ್ ಹತ್ರ ಮಾತ್ರ ಮೊದ್ಲೇ ಮಾತಾಡಿಟ್ಕೊಳಿ. ನಮ್ ಸೀನಿಯರ್ ಸಿಸ್ಟರ್ ಪ್ರೀತಿಗೆ ಪೇಷಂಟ್ ಮುಂದೇನೇ ನನ್ನ "ಪುಟ್ಟಾ" ಅಂತಿದ್ರು, ಒಂದಿನ ಟೀ ಕುಡೀವಾಗ ನಯವಾಗಿ ಹೇಳ್ದೆ, ಈಗ ಒಪಿಡೀಲಿ ಮೇಡಂ, ಟೀ ಅಂಗಡೀಲಿ ಪುಟ್ಟ.

ಇನ್ನೊಂದು ನೀವು ಗಮನಿಸಿರ್ತೀರಿ, ಹಳ್ಳಿ ಕಡೆ ವಯಸ್ಸಾದವ್ರು ಕೂತ ತಕ್ಷಣ ಕೈ ಮುಂದೆ ಚಾಚ್ತಾರೆ, ನಾಡಿ ಹಿಡೀಲಿ ಅಂತ. ಆ ಕೈನ ಬಿಟ್ಟು ಚೀಟಿ ಬರೆಯೋಕ್ ಶುರು ಮಾಡಿದ್ರೋ ಮುಗೀತು, ಅವ್ರ ಪಾಲಿಗೆ ನೀವು ಗುಮಾಸ್ತೆ. ಪೂರ್ತಿ ಅರ್ಧ ನಿಮಿಷ ಹಿಡಿರಿ, ಮಾತಾಡದೆ. ನಾಡಿ ಎಣಿಸಿದ ಮೇಲೂ ಕೈ ಬಿಡ್ದೆ ಹಂಗೇ ಎದೆ ಕಡೆ ಕಣ್ಣಿಟ್ಟು ಉಸಿರಾಟನೂ ಎಣ್ಸಿ, ಎಣಿಸ್ತಿದ್ದೀರಿ ಅಂತ ಅವ್ರಿಗೆ ಗೊತ್ತಾಗ್ದಿದ್ರೆ ಲೆಕ್ಕ ಸರಿಯಾಗಿ ಸಿಗತ್ತೆ. ಬಿಪಿನ ಹೊರಗಡೆ ನೋಡಿ ಬರ್ದಿದ್ರೂ ನೀವೊಂದ್ಸಲ ನೋಡಿ, ತೋಳನ್ನ ಟೇಬಲ್ ಮೇಲೆ ಎದೆ ಮಟ್ಟಕ್ಕೆ ಇಡ್ಸಿ.

ಒಬ್ರು ಅಜ್ಜಿ ಬಂದಿದ್ರು, ಶುಗರ್ ಮಾತ್ರೆ ಬರೆಸ್ಕೊಂಡು ಹೋಗೋಕೆ. ನನ್ನ ನೋಡಿದ್ದೇ ಸೊಸೆ ಕಡೆ ತಿರುಗಿ "ಇದ್ಯಾವ್ದೇ ಇಸ್ಕೂಲ್ ಹುಡ್ಗಿ, ನಾಳೀಕ್ ಬರಾನ ನಡಿ" ಅಂದ್ರು. ನಾನು ಏನೂ ಹೇಳ್ದೆ ಕೆಳಗೆ ಕುಕ್ಕರಗಾಲಲ್ಲಿ ಕೂತು ಚಪ್ಲಿ ಬಿಚ್ಚಿ ಅಂದೆ. ಬೇಡ ಬೇಡ ಅಂತ ಕಾಲೆಳ್ಕೊಂಡ್ರು. ಬೆರಳುಗಳ ಮಧ್ಯೆ ಬಿಡ್ಸಿ ನೋಡಿದ್ರೆ ಕಿರುಬೆರಳ ಪಕ್ಕದಲ್ಲಿ ಹುಣ್ಣು, ಅಂಚೆಲ್ಲಾ ಬೆಳ್ಳಗಾಗಿ ನೆಂದೋಗಿದೆ, ವಾಸನೆ ಬೇರೆ. ಅಜ್ಜಿಗೆ ನೋವೇ ಇಲ್ಲ, ಶುಗರಿಂದ ನರದ ಸ್ಪರ್ಶ ಹೋಗಿತ್ತು. ಸೊಸೆ ಬಗ್ಗಿ ನೋಡಿ "ಅಯ್ಯೋ ಅತ್ತೆ" ಅಂದ್ಲು. ಆಮೇಲೆ ಡ್ರೆಸ್ಸಿಂಗ್ ಆಗಿ, ಮಾತ್ರೆ ಬರ್ದು, ದಿನಾ ರಾತ್ರಿ ಕಾಲು ನೋಡ್ಬೇಕು, ಬರಿಗಾಲಲ್ಲಿ ಗದ್ದೆಗೆ ಇಳೀಬಾರ್ದು ಅಂತ ಹೇಳಿ ಕಳ್ಸೋವರ್ಗೂ ನನ್ನ ವಯಸ್ಸಿನ ಸುದ್ದಿನೇ ಬರ್ಲಿಲ್ಲ. ಹಂಗಂತ ಪ್ರತಿ ಸಲ ಹುಣ್ಣು ಸಿಗತ್ತೆ ಅಂತಲ್ಲ, ಶುಗರ್ ಅಂದ್ರೆ ಕಾಲು ನೋಡೋದು ಹೆಂಗಿದ್ರೂ ಮಾಡ್ಬೇಕಾದ ಕೆಲ್ಸ, ಮೊದಲ್ನೇ ನಿಮಿಷದಲ್ಲೇ ಮಾಡಿ ಅಷ್ಟೇ.

ನೇರವಾಗಿ ಕೇಳಿದ್ರೆ ನೇರವಾಗೇ ಹೇಳಿ. ಪಿಯುಸಿ ಆದ್ಮೇಲೆ ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಸರ್ಕಾರಿ ಸೇವೆ ಅಂತ ಬೆರಳಲ್ಲಿ ಎಣ್ಸಿದ್ರೆ ಅವ್ರೇ "ಓ, ನಮ್ ಮಗನ ಓರಗೆಯವ್ಳು" ಅಂತಾರೆ. ನೀವಿನ್ನೂ ಇಂಟರ್ನ್ ಆಗಿದ್ರೆ ಇಂಟರ್ನ್ ಅಂತ್ಲೇ ಹೇಳಿ, ಸುಳ್ಳು ಬೇಡ.

ಕಷ್ಟ ಇರೋದು ನೀವು ಹೇಳೋದಕ್ಕೂ ಅವ್ರು ನಂಬಿರೋದಕ್ಕೂ ತಾಳೆ ಆಗ್ದಿದ್ದಾಗ. ನಾಯಿ ಕಚ್ಚಿಸ್ಕೊಂಡು ಬಂದ ಯಜಮಾನ್ರು "ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕ್ಬೇಕು, ನಿಂಗೇನಮ್ಮ ಗೊತ್ತು" ಅಂತ ಪಟ್ಟು ಹಿಡಿದ್ರು. ಅದೆಲ್ಲಾ ಸುಳ್ಳು ಅಂದಿದ್ರೆ ಎದ್ದೋಗ್ತಿದ್ರು. "ನಿಜ ಯಜಮಾನ್ರೇ, ನಿಮ್ ಕಾಲ್ದಲ್ಲಿ ಹಂಗೇ ಹಾಕ್ತಿದ್ರು, ಈಗ ಔಷ್ಧಿ ಬದ್ಲಾಗೈತೆ, ತೋಳಿನ ಚರ್ಮಕ್ಕೆ ಹಾಕ್ತೀವಿ, ಇವತ್ತು ಒಂದ್ಸಲ, ಆಮೇಲೆ 3, 7, 28ನೇ ದಿನ, ಒಂದೂ ತಪ್ಪಿಸ್ಬೇಡಿ" ಅಂದೆ, ತಾರೀಖು ಚೀಟೀಲಿ ಬರ್ದೆ. ಗಾಯನ ಸೋಪು ಹಾಕಿ 15 ನಿಮಿಷ ಹರಿಯೋ ನೀರಲ್ಲಿ ನಾನೇ ನಿಂತು ತೊಳೆಸ್ದೆ, ಅದಕ್ಕೇ ಅವ್ರು ಅರ್ಧ ಒಪ್ಕೊಂಡಿದ್ದು ಅನ್ಸತ್ತೆ.

ಗೊತ್ತಿಲ್ದಿದ್ದಾಗ ಸೀನಿಯರ್‌ಗೆ ಪೇಷಂಟ್ ಮುಂದೇನೇ ಫೋನ್ ಮಾಡಿ. ಹೊರಗೆ ಹೋಗಿ ಪಿಸುಗುಟ್ಟಿ ಬಂದ್ರೇ ಜಾಸ್ತಿ ಅನುಮಾನ ಬರೋದು. "ಗಂಡು ಡಾಕ್ಟ್ರನ್ನ ಕರೀರಿ" ಅನ್ನೋ ಆಸಾಮಿಗಳಿಗೆ ಮಾತ್ರ ನಾನು ಜಾಸ್ತಿ ಬಗ್ಗಲ್ಲ, ಇವತ್ತಿನ ಡ್ಯೂಟಿ ನಂದು, ತೋರಿಸ್ಕೊಳೋದಾದ್ರೆ ಕೂತ್ಕೊಳಿ ಅಂತೀನಿ. ಕುಡ್ಕೊಂಡು ಕೂಗಾಡಿದ್ರೆ ಒಬ್ರೇ ನಿಂತ್ಕೋಬೇಡಿ, ಸೆಕ್ಯೂರಿಟಿ ಕರೀರಿ.

ಕ್ಯಾಶುವಾಲ್ಟೀಲಿ ನೈಟ್ ಡ್ಯೂಟಿ ಇದ್ರೆ, ನನ್ ಥರ ಗಿಡ್ಡ ಇರೋರು, ಮಂಚದ ಪಕ್ಕ ಹಾಕೊಳೋ ಸ್ಟೆಪ್ ಸ್ಟೂಲ್ ಎಲ್ಲಿದೆ ಅಂತ ಡ್ಯೂಟಿ ಶುರುವಾದಾಗ್ಲೇ ನೋಡ್ಕೊಳಿ. ಸಿಪಿಆರ್ (ನಿಂತೋದ ಹೃದಯಕ್ಕೆ ಎದೆ ಒತ್ತೋದು) ಕೊಡೋವಾಗ ಮೊಣಕೈ ಮಡಚಿ ಒತ್ತಿದ್ರೆ ಎದೆ ಐದು ಸೆಂಟಿಮೀಟರ್ ಇಳಿಯಲ್ಲ, ಕೈ ನೇರ ಮಾಡಿ ಮೇಲಿಂದ ಭಾರ ಬಿಡ್ಬೇಕು, ಅದಕ್ಕೆ ಎತ್ತರ ಬೇಕೇ ಬೇಕು. ನಮ್ಮಲ್ಲಿ ಆ ಸ್ಟೂಲ್ ಯಾವಾಗ್ಲೂ ಲೇಬರ್ ರೂಮಿಗೆ ಹೋಗ್ಬಿಟ್ಟಿರತ್ತೆ.