ವಾರ್ಷಿಕೋತ್ಸವದ ವಾಚು ಕೊಳ್ಳುವ ಮುಂಚೆ ಎಲ್ಲೆಲ್ಲಿ ಕಣ್ಣು ಹಾಯಿಸಬೇಕು

"ಐವತ್ತನೇ ವರ್ಷದ ಸ್ಪೆಷಲ್ ಅಂತೆ ಮಾರಾಯ್ರೆ, ತಗೋಬಹುದಾ?"

ಕಾಫಿಗೆ ಒಳ್ಳೆ ರೇಟು ಬಂದಮೇಲೆ ಈ ಪ್ರಶ್ನೆ ನನ್ನ ಅಂಗಡಿಗೆ ಜಾಸ್ತಿ ಬರುತ್ತಿದೆ. ಆಲ್ದೂರು, ಮೂಡಿಗೆರೆ ಕಡೆಯ ಎಸ್ಟೇಟಿನವರು ಫೋನಿನಲ್ಲಿ ಫೋಟೋ ತೋರಿಸಿ ಕೇಳುತ್ತಾರೆ. ಕೆಲವರು ವಾಚನ್ನೇ ಹಿಡಿದುಕೊಂಡು ಬರುತ್ತಾರೆ. ನಾನು ಚಿಕ್ಕಮಗಳೂರಿನಲ್ಲಿ ವಾಚ್ ರಿಪೇರಿ ಮಾಡುವವನು, ಅಪ್ಪನಿಂದ ಕಲಿತ ಕೆಲಸ. ಇಂಥ ವಾಚು ಕೊಳ್ಳುವ ತಾಕತ್ತು ನನಗಿಲ್ಲ. ಆದರೆ ಚೈನು ಚಿಕ್ಕದು ಮಾಡಿಸೋಕೆ, ದುಡ್ಡು ಕೊಡುವ ಮುಂಚೆ ಒಮ್ಮೆ ತೋರಿಸೋಕೆ ಅವು ನನ್ನ ಮೇಜಿಗೆ ಬರುತ್ತವೆ. ವಾರಂಟಿ ಇರುವುದನ್ನು ನಾನು ಬಿಚ್ಚುವುದಿಲ್ಲ. ಐಗ್ಲಾಸ್ ಕಣ್ಣಿಗೆ ಹಾಕಿಕೊಂಡು ಹೊರಗಿನಿಂದ ನೋಡಿದರೇ ಮುಕ್ಕಾಲು ಕಥೆ ಗೊತ್ತಾಗುತ್ತದೆ.

ನಾನು ಮೊದಲು ಕೇಳುವುದು ಒಂದೇ: ಇದರ ಮೂಲ ವಾಚು ನೋಡಿದ್ದೀರಾ? ವಾರ್ಷಿಕೋತ್ಸವ ಅಂದರೆ ಯಾವುದೋ ಒಂದು ಹಳೆ ವಾಚಿನದ್ದು ತಾನೇ. ಆ ಹಳೆಯದು ಹೇಗಿತ್ತು ಅಂತ ಗೊತ್ತಿಲ್ಲದೆ ಹೊಸದನ್ನು ಅಳೆಯುವುದು ಹೇಗೆ? ಮೂಲದ ಒಳ್ಳೆ ಫೋಟೋ ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಿ. ಅಗಲ ಎಷ್ಟು ಮಿಲಿಮೀಟರ್, ಮುಳ್ಳುಗಳ ಆಕಾರ ಹೇಗಿದೆ, ತಾರೀಖಿನ ಕಿಂಡಿ ಇತ್ತೋ ಇಲ್ಲವೋ, ಗ್ಲಾಸು ಉಬ್ಬಿತ್ತೋ ಚಪ್ಪಟೆಯೋ ನೋಡಿ. ಸಂಗ್ರಹ ಮಾಡುವವರು ಮೊದಲು ಜಗಳ ತೆಗೆಯುವುದೇ ಇಲ್ಲಿ.

ಈ ಲೆಕ್ಕದಲ್ಲಿ ನನಗೆ ಹಿಡಿಸಿದ್ದು 2017ರಲ್ಲಿ ಒಮೆಗಾ ಮಾಡಿದ ಮೂರು ವಾಚು. ಸ್ಪೀಡ್‌ಮಾಸ್ಟರ್, ಸೀಮಾಸ್ಟರ್ 300, ರೈಲ್‌ಮಾಸ್ಟರ್ ಮೂರೂ 1957ರಲ್ಲಿ ಬಂದಿದ್ದವು. ಅರವತ್ತು ವರ್ಷಕ್ಕೆ ಹಳೆಯವನ್ನು ಡಿಜಿಟಲ್ ಸ್ಕ್ಯಾನ್ ಮಾಡಿ, ಅದೇ ಅಳತೆಗೆ ಹೊಸದು ಮಾಡಿದರು. ಸ್ಪೀಡ್‌ಮಾಸ್ಟರ್ 38.6 ಮಿ.ಮೀ. ಮಾತ್ರ. ದೊಡ್ಡ ವಾಚಿನ ಕಾಲದಲ್ಲೂ ಅದನ್ನು ಹಿಗ್ಗಿಸಲಿಲ್ಲ. ಗಂಟೆ ಮುಳ್ಳು ಹಳೆಯದರ ಹಾಗೇ ಅಗಲ ಬಾಣ. ತಕರಾರು ಬಂದದ್ದು ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆ. ಹೊಸ ವಾಚಿಗೇ ಹಳದಿ ತಿರುಗಿದ ಬಣ್ಣ ಹಚ್ಚಿದ್ದಾರೆ, ಇದು ಸುಳ್ಳು ಮುಪ್ಪು ಅಂತ ಕೆಲವರು. ನನಗೂ ಅದು ಅಷ್ಟಕ್ಕಷ್ಟೆ. ಬಣ್ಣ ತಿರುಗಲು ಅರವತ್ತು ವರ್ಷ ಬೇಕು, ತಿರುಗಲಿ ಬಿಡಿ.

ಇನ್ನು ತಾರೀಖು. ಮೂಲದಲ್ಲಿ ಇಲ್ಲದ ಕಿಂಡಿಯನ್ನು ನಾಲ್ಕಕ್ಕೂ ಐದಕ್ಕೂ ನಡುವೆ ಕೊರೆದುಬಿಟ್ಟರೆ ಆ ಡಯಲ್ ಕೆಟ್ಟಿತು ಅಂತಲೇ ಲೆಕ್ಕ. ಬಟವಾಡೆ ದಿನ ಯಾವತ್ತು ಅಂತ ಕೈಯಲ್ಲೇ ನೋಡಬೇಕು ಅನ್ನುವವರು ಬೇರೆ ವಾಚು ಕಟ್ಟಿಕೊಳ್ಳಲಿ.

ಎರಡನೇದಾಗಿ, ವಾರ್ಷಿಕೋತ್ಸವ ಅಂತ ಎಲ್ಲಿ ಬರೆದಿದ್ದಾರೆ ನೋಡಿ. ರೊಲೆಕ್ಸ್ ಸಬ್‌ಮರೀನರ್ 1953ರ ವಾಚು. 2003ರಲ್ಲಿ ಐವತ್ತು ತುಂಬಿದಾಗ ಗ್ಲಾಸಿನ ಸುತ್ತಲಿನ ಬೆಜೆಲ್‌ಗೆ ಹಸಿರು ಬಣ್ಣ ಕೊಟ್ಟರು. ಡಯಲ್ ಮೇಲೆ '50' ಅಂತ ಒಂದಕ್ಷರ ಇಲ್ಲ. 2013ರಲ್ಲಿ ಅವರದೇ ಡೇಟೋನಾ ವಾಚಿನ ಐವತ್ತಕ್ಕೆ ಪ್ಲಾಟಿನಂ ಕೇಸು, ತಿಳಿನೀಲಿ ಡಯಲ್, ಕಂದು ಬೆಜೆಲ್ ಕೊಟ್ಟು ಸುಮ್ಮನಾದರು. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಅಷ್ಟು ಸಾಕು ಅಲ್ವಾ? ಪಟೆಕ್ ಫಿಲಿಪ್ 2016ರಲ್ಲಿ ನಾಟಿಲಸ್‌ನ ನಲವತ್ತಕ್ಕೆ ಪ್ಲಾಟಿನಂನಲ್ಲಿ 700, ಬಿಳಿ ಚಿನ್ನದಲ್ಲಿ 1,300 ವಾಚು ಮಾಡಿತು. ಡಯಲ್ ಮೇಲೇ '40' ಅಂತಲೂ 1976, 2016 ಅಂತಲೂ ಉಬ್ಬುಬ್ಬಾಗಿ ಒತ್ತಿದರು. ನಾಟಿಲಸ್ ಡಯಲ್ಲಿನ ಚಂದ ಇರುವುದೇ ಆ ಅಡ್ಡಗೆರೆಗಳಲ್ಲಿ. ಅದರ ಮೇಲೆ ಇಸವಿ ಒತ್ತಿದ್ದು ನನಗೆ ಮದುವೆ ಸ್ಟೀಲ್ ತಟ್ಟೆ ಮೇಲೆ ಹೆಸರು ಕೊರೆಸಿದ ಹಾಗೆ ಕಾಣುತ್ತದೆ. ಆದರೂ ಅದಕ್ಕೆ ಕೊಳ್ಳುವವರು ಸಾಲುಗಟ್ಟಿ ನಿಲ್ಲುತ್ತಾರೆ. ನನ್ನ ರುಚಿ ಬೇರೆ, ಮಾರುಕಟ್ಟೆ ಬೇರೆ.

ಆ ಹಸಿರು ಸಬ್‌ಮರೀನರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸೆಕೆಂಡ್‌ಹ್ಯಾಂಡ್‌ನಲ್ಲಿ ಜನ ಬೀಳುವುದು ಇಲ್ಲೇ. 16610ಎಲ್‌ವಿ ಅದರ ನಂಬರು, ಕೆರ್ಮಿಟ್ ಅಂತ ಅಡ್ಡಹೆಸರು. ಅದರ ಬೆಜೆಲ್ ಒಳಗಿನ ಅಂಕಿ ಇರುವ ಬಳೆ ಅಲ್ಯೂಮಿನಿಯಂದು, ಬಿಚ್ಚಿ ಬೇರೆ ಹಾಕಬಹುದು. ಅಂದರೆ ಮಾಮೂಲಿ ಕಪ್ಪು 16610ಕ್ಕೆ ಹಸಿರು ಬಳೆ ಕೂರಿಸಿದರೆ ದೂರದಿಂದ ಎರಡೂ ಒಂದೇ. ಹಾಗಾಗಿ ಹಸಿರನ್ನು ನೋಡಬೇಡಿ, ಡಯಲ್ ನೋಡಿ. ಎಲ್‌ವಿಯಲ್ಲಿ ಗಂಟೆಯ ಚುಕ್ಕೆಗಳು ದಪ್ಪ, ಮುಳ್ಳುಗಳೂ ದಪ್ಪ. ಕಪ್ಪು 16610ದಲ್ಲಿ ಎರಡೂ ಸಣ್ಣ. ಎರಡರ ಫೋಟೋ ಅಕ್ಕಪಕ್ಕ ಇಟ್ಟರೆ ಐಗ್ಲಾಸೂ ಬೇಡ. ಆಮೇಲೆ ಬೆಜೆಲ್ ಮೇಲಿನ 40 ನೋಡಿ. ಶುರುವಿನಲ್ಲಿ ಬಂದವುಗಳಲ್ಲಿ ಆ 4ರ ನೆತ್ತಿ ಚೂಪಾಗಿಲ್ಲ, ಕತ್ತರಿಸಿದಂತೆ ಚಪ್ಪಟೆ. ಆ ಚಪ್ಪಟೆ ನೆತ್ತಿಗೆ ಸಂಗ್ರಾಹಕರು ಹೆಚ್ಚಿಗೆ ದುಡ್ಡು ಕೊಡುತ್ತಾರೆ. ಹಾಗೆಂದೇ ಆ ಬಳೆಯೊಂದನ್ನೇ ತಂದು ಕೂರಿಸುವವರೂ ಇದ್ದಾರೆ. ಚೈನು ಬಿಚ್ಚಿಸಿ, ಆರರ ಕಡೆ ಕೇಸಿನ ಸಂದಿಯಲ್ಲಿ (ಕೊನೆಯ ವರ್ಷಗಳದ್ದಾದರೆ ಗ್ಲಾಸಿನೊಳಗೆ ಡಯಲ್ ಸುತ್ತಲಿನ ಅಂಚಿನಲ್ಲಿ) ಕೊರೆದ ಸೀರಿಯಲ್ ನಂಬರನ್ನು ಕಾಗದದ ಜೊತೆ ತಾಳೆ ನೋಡಿ. ಮಾರುವವರು ಚೈನು ಬಿಚ್ಚಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಈ ಕೆರ್ಮಿಟ್ ಲಿಮಿಟೆಡ್ ಅಲ್ಲವೇ ಅಲ್ಲ. 2010ರವರೆಗೂ ಮಾಡಿದರು. ಆದರೂ ಬೇಡಿಕೆ ಇದೆ. 'ಲಿಮಿಟೆಡ್' ಅನ್ನುವ ಪದಕ್ಕೆ ಬೆರಗಾಗಬೇಡಿ ಅಂತ ಹೇಳುವುದು ಇದಕ್ಕೇ. ಎಷ್ಟು ಮಾಡಿದರು ಅನ್ನುವುದಕ್ಕಿಂತ ಅಷ್ಟೇ ಯಾಕೆ ಮಾಡಿದರು ಅಂತ ಕೇಳಿ. ಚಂದ್ರನ ಮೇಲೆ ಇಳಿದ ನೆನಪಿಗೆ 1969ರಲ್ಲಿ ಒಮೆಗಾ ಚಿನ್ನದ ಸ್ಪೀಡ್‌ಮಾಸ್ಟರ್ ಶುರು ಮಾಡಿತು, ಆಗ ಆದದ್ದು 1,014. 2019ರಲ್ಲಿ ಐವತ್ತಕ್ಕೆ ಮತ್ತೆ ಚಿನ್ನದಲ್ಲಿ ಮಾಡಿದಾಗಲೂ 1,014. ಇಂಥ ಲೆಕ್ಕಕ್ಕೆ ಬೆಲೆ ಇದೆ. ಅದೇ ವರ್ಷ ಸ್ಟೀಲಿನಲ್ಲಿ 6,969 ಮಾಡಿದರು. ವಾಚು ಚೆನ್ನಾಗಿದೆ, ಆದರೆ ಅಷ್ಟು ಸಂಖ್ಯೆಯದ್ದು ಅಪರೂಪ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ. ನಲವತ್ತೈದು, ಐವತ್ತೈದು, ಅರವತ್ತೈದು ಅಂತ ಐದೈದು ವರ್ಷಕ್ಕೊಂದು ಉತ್ಸವ ಮಾಡುವ ಕಂಪನಿಗಳೂ ಇವೆ. ಅವುಗಳಿಗೆ ಮಾಮೂಲಿ ಮಾಡೆಲ್ ಬೆಲೆಗಿಂತ ಜಾಸ್ತಿ ಕೊಡಬೇಡಿ.

ಮಷೀನಿನ ವಿಷಯದಲ್ಲಿ ಎಲ್ಲರ ಆಸೆಯೂ ಒಂದೇ ಥರ ಇಲ್ಲ. ಔಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ 1972ರದ್ದು. 2022ರಲ್ಲಿ ಐವತ್ತಾದಾಗ 39 ಮಿ.ಮೀ. ಅಳತೆ ಹಾಗೇ ಉಳಿಸಿಕೊಂಡು ಒಳಗೆ 2121 ತೆಗೆದು 7121 ಅನ್ನುವ ಹೊಸ ಮಷೀನು ಕೂರಿಸಿದರು. ಒಮ್ಮೆ ಪೂರ್ತಿ ಕೀ ಆದರೆ ಹಳೆಯದು ಸುಮಾರು 40 ಗಂಟೆ ನಡೆಯುತ್ತಿತ್ತು, ಹೊಸದು 55. ರಿಪೇರಿಯವನಾಗಿ ನನಗೆ ಇದು ಒಳ್ಳೆಯದೇ. ಹಳೆ ತೆಳು ಮಷೀನಿನ ಭಕ್ತರು ಮಾತ್ರ ಇವತ್ತಿಗೂ ಮುಖ ಊದಿಸಿಕೊಂಡಿದ್ದಾರೆ. ಆ ವರ್ಷದ ವಾಚುಗಳಲ್ಲಿ ಮಾತ್ರ ಹಿಂಬದಿಯಲ್ಲಿ ಕಾಣುವ, ತಿರುಗುತ್ತಾ ಕೀ ಕೊಡುವ ರೋಟರ್ ಮೇಲೆ '50' ಇದೆ, ಮುಂದಿನ ವರ್ಷದಿಂದ ಇಲ್ಲ. ಕೊಳ್ಳುವಾಗ ವಾಚು ಮಗುಚಿ ನೋಡಿ.

ಕಾಗದಪತ್ರ. ಡಬ್ಬಿ, ವಾರಂಟಿ ಕಾರ್ಡು, ಆ ಎಡಿಷನ್‌ಗೆ ಅಂತ ಕೊಟ್ಟ ಪುಸ್ತಕ, ತೆಗೆದಿಟ್ಟ ಚೈನಿನ ಕೊಂಡಿಗಳು ಎಲ್ಲವೂ ಬೇಕು. ವಾರ್ಷಿಕೋತ್ಸವದ ವಾಚಿಗೆ ಇವಿಲ್ಲದೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. ಬಿಲ್ ಇಲ್ಲದ್ದು, ದುಬೈಯಿಂದ ಭಾವ ತಂದದ್ದು ಅಂತ ಹೇಳಿದರೆ ಕಸ್ಟಮ್ಸ್ ರಸೀದಿ ಕೇಳಿ. ಬೆಲೆ 10 ಲಕ್ಷ ದಾಟಿದರೆ 2025ರ ಏಪ್ರಿಲ್‌ನಿಂದ ಅಂಗಡಿಯವರು 1% ಟಿಸಿಎಸ್, ಅಂದರೆ ಮಾರುವಾಗಲೇ ಹಿಡಿಯುವ ಆದಾಯ ತೆರಿಗೆ, ವಸೂಲಿ ಮಾಡುತ್ತಾರೆ. ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆಡಿಟರ್‌ಗೆ ಹೇಳಿ. ಕಾಫಿ ಮಾರಿದ ದುಡ್ಡು ಚೀಲದಲ್ಲಿದೆ ಅಂತ 2 ಲಕ್ಷವೋ ಅದಕ್ಕಿಂತ ಜಾಸ್ತಿಯೋ ನಗದು ಕೊಡಲು ಹೋಗಬೇಡಿ, ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ.

ತಂದಮೇಲೆ ನಮ್ಮ ಊರಿನ ಕಷ್ಟ ಶುರು. ಮಳೆಗಾಲದಲ್ಲಿ ಚರ್ಮದ ಬೆಲ್ಟಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ವಾರಂಟಿ ಪುಸ್ತಕದ ಹಾಳೆ ಒಂದಕ್ಕೊಂದು ಅಂಟುತ್ತದೆ. ಕಾಗದವನ್ನು ಡಬ್ಬಿಯಲ್ಲಿಡದೆ ಗಾಳಿಯಾಡದ ಪ್ಲಾಸ್ಟಿಕ್ ಕವರಿಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿಡಿ. ಜೂನ್ ಬರುವ ಮುಂಚೆ ಬೆಲ್ಟ್ ಬಿಚ್ಚಿ ರಬ್ಬರಿನದ್ದೋ ಬಟ್ಟೆಯದ್ದೋ ಹಾಕಿಕೊಳ್ಳಿ. ಮೂಲ ಬೆಲ್ಟು ಹೊಸದಾಗಿಯೇ ಇದ್ದರೆ ಅದಕ್ಕೂ ಮಾರುವಾಗ ಬೆಲೆ ಬರುತ್ತದೆ. ಗೋಡೆ ತಂಪು ಹಿಡಿಯುವ ಹಳೆ ಬಂಗಲೆಯಾದರೆ ಗೋಡೆಗೆ ತಾಗಿದ ಬೀರು ಬೇಡ.

ಮದುವೆ ಸೀಸನ್ನಿನಲ್ಲಿ "ಸ್ವಲ್ಪ ಪಾಲಿಶ್ ಹೊಡೆದುಕೊಡಿ" ಅಂತ ಬರುತ್ತಾರೆ. ನಾನು ಹೊಡೆಯುವುದಿಲ್ಲ. ಕೇಸಿನ ಅಂಚು ಒಮ್ಮೆ ದುಂಡಾದರೆ ಮತ್ತೆ ಚೂಪು ಬರುವುದಿಲ್ಲ, ರಾಯಲ್ ಓಕ್‌ನಂಥ ಮೂಲೆಗಳ ವಾಚಿನಲ್ಲಿ ಅದು ಎದ್ದು ಕಾಣುತ್ತದೆ. ಗೀರು ಬಿದ್ದಿದ್ದರೆ ಬಿದ್ದಿರಲಿ, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಕಟ್ಟಿಕೊಂಡು ಹೋಗಿ.