ವಾಡೆಯ ತೇಗದಲ್ಲಿ ಶಿಕಾರಿ ನಮೂನೆಯ ಸ್ಟಾಕು: ಎರಡು ಮುರಿದು ಮೂರನೆಯದು ನಿಂತಿತು

ಏರ್ ರೈಫಲ್ಲಿಗೆ ತೇಗದಲ್ಲಿ ಸ್ಟಾಕು (ಬಂದೂಕಿನ ಮರದ ಮೈ) ಮಾಡಬೇಡಿ, ಕುತ್ತಿಗೆಯಲ್ಲೇ, ಅಂದರೆ ಟ್ರಿಗರ್ ಹಿಂದೆ ಕೈ ಹಿಡಿಯುವ ಸಣ್ಣ ಭಾಗದಲ್ಲೇ, ಮುರಿಯುತ್ತದೆ ಅಂತ ಶೂಟಿಂಗ್ ರೇಂಜಿನಲ್ಲಿ ಹೇಳಿದರು. ಪುಣೆಯ ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಿ ಬಡಗಿಗಳೂ ಅದನ್ನೇ ಹೇಳಿದರು. ಎರಡು ಮುರಿದವು, ನಿಜ. ಮೂರನೆಯದು ಸುಮಾರು ನಾಲ್ಕು ಸಾವಿರ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಹಾರಿಸಿದ ಹೊಡೆತ ತಿಂದಿದೆ, ಒಂದು ಪೂರ್ತಿ ಮಳೆಗಾಲ ಕಂಡಿದೆ. ಕೂದಲೆಳೆ ಬಿರುಕಿಲ್ಲ.

ಮೊದಲು ಮನಸ್ಸಿದ್ದದ್ದು .22 ಸೆಮಿ-ಆಟೋಮ್ಯಾಟಿಕ್ ಮೇಲೆ. 1964ರಲ್ಲಿ ಬಂದ ರೂಗರ್ 10/22, ಅದೂ ಹಳೇ ಶಿಕಾರಿ ನಮೂನೆಯ ವಾಲ್‌ನಟ್ (ಅಕ್ರೋಟು ಮರ) ಸ್ಟಾಕಿನದು. ಹತ್ತು ಗುಂಡಿನ ಸುತ್ತು ಮ್ಯಾಗಜಿನ್ ಸ್ಟಾಕಿನ ಹೊಟ್ಟೆಯೊಳಗೇ ಅಡಗುವುದರಿಂದ ಕೆಳಗೆ ಏನೂ ಚಾಚಿಕೊಳ್ಳುವುದಿಲ್ಲ, ಸ್ಟಾಕಿನ ಹೊರಗೆರೆ ನೇರವಾಗಿ ಓಡುತ್ತದೆ. ನಮ್ಮಲ್ಲಿ ಅದರ ಪರವಾನಗಿಯ ದಾರಿ ಎಷ್ಟು ಉದ್ದ ಅಂತ ಗೊತ್ತಿರುವವರಿಗೆ ಹೇಳಬೇಕಿಲ್ಲ. ಹಾಗಾಗಿ ಆ ಗೆರೆಯನ್ನು ಮಾತ್ರ ಎತ್ತಿಕೊಂಡು 4.5 ಮಿ.ಮೀ. ಬ್ರೇಕ್-ಬ್ಯಾರೆಲ್ (ನಳಿಗೆ ಮಡಿಸಿ ಸ್ಪ್ರಿಂಗ್ ಬಿಗಿಯುವ) ಏರ್ ರೈಫಲ್ಲಿಗೆ ಕೂರಿಸಿದೆ. ಶಿಕಾರಿ ಅನ್ನುವುದು ಆಕಾರದ ಹೆಸರು ಅಷ್ಟೆ; 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಳಿದದ್ದು ಕಾಗದದ ಟಾರ್ಗೆಟ್ಟೇ.

ಗೆರೆ ನಕಲು ಮಾಡಬಹುದು, ಗಟ್ಟಿತನ ನಕಲು ಮಾಡಲು ಬರುವುದಿಲ್ಲ. .22 ಸೆಮಿ-ಆಟೋ ಹಿಂದಕ್ಕೆ ಒಂದೇ ಸಲ, ಮೆತ್ತಗೆ ದೂಡುತ್ತದೆ. ಸ್ಪ್ರಿಂಗ್ ಗನ್ನು ಪಿಸ್ಟನ್ ಹೊರಟಾಗ ಹಿಂದಕ್ಕೆ, ಪಿಸ್ಟನ್ ಹೋಗಿ ಗುದ್ದಿದಾಗ ಮುಂದಕ್ಕೆ, ಹೀಗೆ ಎರಡು ಕಡೆ ಜಗ್ಗುತ್ತದೆ. ಅದರ ಮೇಲೆ ಸ್ಪ್ರಿಂಗ್ ಬಿಗಿಯುವ ಕಾಕಿಂಗ್ ಲಿವರ್‌ಗಾಗಿ ಮುಂಗೈ (ನಳಿಗೆಯತ್ತ ಚಾಚುವ ಸ್ಟಾಕಿನ ಮುಂಭಾಗ) ಕೆಳಗೆ ಉದ್ದ ಸೀಳು ಬೇರೆ ಬಿಡಬೇಕು. ಎರಡೂ ಬದಿಗೆ ಉಳಿಯುವ ಗೋಡೆ 8-9 ಮಿ.ಮೀ. ಮಾತ್ರ.

ಅಳತೆ: ಟ್ರಿಗರ್‌ನಿಂದ ಬಟ್ (ಭುಜಕ್ಕೆ ಒರಗುವ ಹಿಂಭಾಗ) ತುದಿಗೆ ಹದಿಮೂರೂವರೆ ಇಂಚು. ನೋಟದ ಗೆರೆಯಿಂದ ಕೆನ್ನೆ ತಾಗುವ ಅಂಚಿಗೆ ಒಂದೂವರೆ ಇಂಚು ಇಳಿಜಾರು, ಹಿಮ್ಮಡಿಗೆ (ಬಟ್ಟಿನ ಮೇಲಿನ ಮೂಲೆಗೆ) ಎರಡೂಕಾಲು. ಬಲಗೈಯವರಿಗೆ ಬಟ್ ಮೂರು ಮಿ.ಮೀ. ಹೊರಕ್ಕೆ. ಕುತ್ತಿಗೆಯ ಸುತ್ತಳತೆ ಮುಗಿದಾಗ ನಾಲ್ಕೂಮುಕ್ಕಾಲು ಇಂಚು. ಇದು ತೆರೆದ ಸೈಟಿನ ಲೆಕ್ಕ. ಸ್ಕೋಪ್ ಹಾಕಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ಚಪ್ಪಲಿ ಹೊಲಿಯುವವರ ಬಳಿ ದಾರ ಕಟ್ಟುವ ಚರ್ಮದ ದಿಂಬು ಹೊಲಿಸಿಕೊಂಡು ಆ ಕೆಲಸ ಮುಗಿಸಿದ್ದೇನೆ, ಇನ್ನೂರೈವತ್ತು ರೂಪಾಯಿ.

ಮರ, ಕೆಡವಿದ ಹಳೇ ವಾಡೆಯ ತೊಲೆ. 34 ಇಂಚು ಉದ್ದ, ಆರು ಅಗಲ, ಎರಡೂಕಾಲು ದಪ್ಪ. ಮೊದಲನೆಯದಕ್ಕೆ ಒಂಬೈನೂರು ಕೊಟ್ಟ ನೆನಪು. ಇಷ್ಟು ಹಳೇ ತೇಗ ತಿರುಚುವುದಿಲ್ಲ, ಅದಕ್ಕೇ ಆಸೆ. ಆದರೂ ಮನೆಯ ಬಾಲ್ಕನಿಯಲ್ಲಿ ಒಂದೂವರೆ ತಿಂಗಳು ಇಟ್ಟು ವಾರಕ್ಕೊಮ್ಮೆ ತೂಗಿದೆ. ಸತತ ಮೂರು ವಾರ ತೂಕ ಕದಲದೆ ಇದ್ದ ಮೇಲೇ ಉಳಿ ಮುಟ್ಟಿದ್ದು. ಕೊಳ್ಳುವ ಮುಂಚೆ ಪುಣೆಯ ಹಾರ್ಡ್‌ವೇರ್ ಪೇಟೆ ಬೋಹ್ರಿ ಆಳಿಯಲ್ಲಿ ಸಿಗುವ ಒಂದು ಗಟ್ಟಿ ಅಯಸ್ಕಾಂತವನ್ನು ತೊಲೆಯ ಮೇಲೆ ಎಳೆದು ನೋಡಿ. ಒಳಗೆ ಮುರಿದುಕೊಂಡ ಮೊಳೆ ಇದ್ದರೆ ಉಳಿಯ ಬಾಯಿ ಹೋಯಿತು. ಮೊಳೆ ಇರದಿದ್ದರೂ ತೇಗದ ಮೈಯಲ್ಲೇ ಮರಳಿನಂಥ ಸಿಲಿಕಾ ಇರುತ್ತದೆ. ಕಾಲು ಗಂಟೆಗೊಮ್ಮೆ ಮಸೆಯಬೇಕು.

ಮೊದಲ ಸ್ಟಾಕು ಮುಂಗೈಯಲ್ಲಿ ಸೀಳಿತು. ತಪ್ಪು ಮರದ್ದಲ್ಲ, ಪಕ್ಕದ ಸ್ಕ್ರೂಗಳದ್ದು. ಕಂಪನಿಯ ಸ್ಕ್ರೂ ತಲೆ ಶಂಕುವಿನಾಕಾರದ್ದು, ಇಳಿಜಾರಾಗಿ ಕೂರುವಂಥದ್ದು. ಬಿಗಿದಷ್ಟೂ ಬೆಣೆ ಹೊಡೆದಂತೆ ಮರವನ್ನು ಅಗಲಿಸುತ್ತದೆ. ಬೀಚ್ ಎಂಬ ಜಾತಿಯ ಮರ ತಡೆದುಕೊಳ್ಳುತ್ತದೆ, ತೇಗ ಎಳೆ ಹಿಡಿದು ಸೀದಾ ಬಿರಿಯುತ್ತದೆ. ಈಗ ಲೇತಿನಲ್ಲಿ ತಿರುಗಿಸಿದ ಹಿತ್ತಾಳೆ ಬುಷ್ (ಸ್ಕ್ರೂ ತಲೆ ಕೂರುವ ಬಳೆ) ಕೂರಿಸಿದ್ದೇನೆ: ಹೊರಗೆ 12 ಮಿ.ಮೀ., ತಳ ಚಪ್ಪಟೆ. ಇಳಿಜಾರು ಬುಷ್ಷಿನೊಳಗೇ ಮುಗಿಯುತ್ತದೆ, ಮರಕ್ಕೆ ಬರುವುದು ನೇರ ಒತ್ತಡ ಮಾತ್ರ.

ಎರಡನೆಯದು ಕುತ್ತಿಗೆಯಲ್ಲೇ ಹೋಯಿತು, ಎಲ್ಲರೂ ಹೇಳಿದ ಜಾಗದಲ್ಲೇ. ಟೆಂಪ್ಲೇಟನ್ನು ತೊಲೆಯ ಅಂಚಿಗೆ ಸಮನಾಗಿ ಇಟ್ಟು ಕೊಯ್ದಿದ್ದೆ. ಬಟ್ ಕೆಳಗೆ ಬಾಗುತ್ತದೆ, ಎಳೆ ನೇರ ಹೋಗುತ್ತದೆ. ಕುತ್ತಿಗೆಯಲ್ಲಿ ಎಳೆ ಮೂರೇ ಇಂಚಿಗೆ ಹೊರಗೆ ಬಿದ್ದುಬಿಟ್ಟಿತ್ತು. ಮಂಡಿಯೆತ್ತರದಿಂದ ಬಟ್ ನೆಲಕ್ಕೆ ತಾಗಿದ್ದೇ ಸಾಕಾಯಿತು. ಮರ, ಬುಷ್ಷು, ಮೂರು ಭಾನುವಾರ ಎಲ್ಲಾ ಸೇರಿ ಎರಡು ಸಾವಿರ ನೀರಿಗೆ.

ಮೂರನೆಯದಕ್ಕೆ ಟೆಂಪ್ಲೇಟನ್ನು ಓರೆ ಮಾಡಿ, ಎಳೆ ಕುತ್ತಿಗೆಯ ಇಳಿಜಾರನ್ನೇ ಹಿಡಿದು ಹೋಗುವಂತೆ ಇಟ್ಟೆ. ಹೀಗೆ ಇಟ್ಟರೆ ಮುಂಗೈಯಲ್ಲಿ ಎಳೆ ಸ್ವಲ್ಪ ಓರೆಯಾಗುತ್ತದೆ, ಆಗಲಿ. ಅಲ್ಲಿ ಬುಷ್ ಇದೆ. ಆ ಮೇಲೆ ಪಿಸ್ಟನ್ ಓಡುವ ಟ್ಯೂಬು ಕೂರುವ ಗೂಡಿನ ಹಿಂಗೋಡೆಯಿಂದ ಕುತ್ತಿಗೆಯೊಳಕ್ಕೆ ಆರೂವರೆ ಮಿ.ಮೀ. ತೂತು, ನಾಲ್ಕು ಇಂಚು ಆಳ. ಅದರಲ್ಲಿ 6 ಮಿ.ಮೀ. ಹಿತ್ತಾಳೆಯ ಥ್ರೆಡ್ ರಾಡ್, ಸುತ್ತ ಅರಾಲ್ಡೈಟ್. ನಿಧಾನಕ್ಕೆ ಗಟ್ಟಿಯಾಗುವುದೇ ಬೇಕು, ಐದು ನಿಮಿಷದ್ದು ಬೇಡ. ರಾಡಿನ ಉದ್ದಕ್ಕೆ ಅರದಿಂದ ಒಂದು ಕಾಲುವೆ ಎಳೆಯಿರಿ, ಇಲ್ಲದಿದ್ದರೆ ಒಳಗೆ ಸಿಕ್ಕ ಗಾಳಿ ರಾಡನ್ನು ಪಿಚಕಾರಿಯಂತೆ ಹಿಂದಕ್ಕೆ ತಳ್ಳುತ್ತದೆ. ತೇಗದ ಎಣ್ಣೆ ಅಂಟನ್ನು ಹಿಡಿಯಲು ಬಿಡುವುದಿಲ್ಲ. ತೂತಿನೊಳಗೆ ಅಸಿಟೋನ್ ಹಚ್ಚಿದ ಬಟ್ಟೆ ಎರಡು ಸಲ ಆಡಿಸಿ, ಒಣಗಿದ ಹತ್ತು ನಿಮಿಷದೊಳಗೆ ಅಂಟು ಹಾಕಬೇಕು. ತಡ ಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಉದ್ದ ಬಿಟ್ ಎಳೆಯ ಜೊತೆ ಓಡಿಹೋಗದಂತೆ ನೇರ ಇಳಿಸುವುದು ಹೇಗೆ ಅನ್ನುವುದು ನನ್ನ ಬಳಿಯೇ ಇರಲಿ, ಅದಕ್ಕೆ ಒಂದು ತುಂಡು ಮರ ಪೂರ್ತಿ ಹಾಳು ಮಾಡಿ ಕಲಿತಿದ್ದೇನೆ.

ಗೂಡು ಕೊರೆಯಲು ದೀಪದ ಮಸಿಗೆ ಹರಳೆಣ್ಣೆ ಕಲಸಿ ಟ್ಯೂಬಿಗೆ ತೆಳ್ಳಗೆ ಬಳಿದೆ. ಕೂರಿಸಿ, ರಬ್ಬರ್ ಸುತ್ತಿಗೆಯಿಂದ ಒಂದು ತಟ್ಟು, ಎತ್ತಿ ನೋಡಿದರೆ ಕಪ್ಪು ತಾಗಿದ ಕಡೆ ಮಾತ್ರ ಕೆರೆಯುವುದು. ಮೊದಮೊದಲು ಎರಡೇ ಚುಕ್ಕೆ ಬೀಳುತ್ತವೆ, ಕೊನೆಗೆ ಗೂಡಿನ ತಳವೆಲ್ಲ ಹುಲಿಪಟ್ಟೆಯಂತೆ ಮಸಿ ಹಿಡಿಯುತ್ತದೆ. ನಲವತ್ತು ಸಲವಾದರೂ ಇಳಿಸಿ ಎತ್ತಿರಬೇಕು. ಅವಸರ ಮಾಡಿ ಕೆರೆದರೆ ಗೂಡು ದೊಡ್ಡದಾಗಿ, ಟ್ಯೂಬು ಪ್ರತಿ ಹೊಡೆತಕ್ಕೂ ಬೇರೆ ಜಾಗಕ್ಕೆ ಕೂರುತ್ತದೆ.

ಬಣ್ಣದ ಹುಚ್ಚಾಟವೂ ನಡೆಯಿತು. ಪರ್ಮ್ಯಾಂಗನೇಟ್ ನೀರು ಹಚ್ಚಿದರೆ ಚಂದದ ಕಂದು ಬರುತ್ತದೆ, ಬಿಸಿಲಿಗೆ ಕೆಲವೇ ವಾರದಲ್ಲಿ ಪೇಲವ. ವಿನೆಗರ್‌ನಲ್ಲಿ ಉಕ್ಕಿನ ನಾರು ನೆನೆಸಿದ ನೀರು ತುಂಡಿನ ಮೇಲೆ ಬೂದಿ ಬಣ್ಣಕ್ಕೆ ಹೋಯಿತು. ಕಾಫಿ ಡಿಕಾಕ್ಷನ್ ಹಚ್ಚಿ ನೋಡಿದೆ, ಡಿಕಾಕ್ಷನ್ ದಂಡ. ಹಳೇ ತೇಗಕ್ಕೆ ಬಣ್ಣವೇ ಬೇಡ.

ಪಾಲಿಶಿನಲ್ಲಿ ಒಂದು ಜುಲೈ ಪೂರ್ತಿ ಕಳೆದುಕೊಂಡೆ. ಬರೀ ಮರಕ್ಕೆ ಕುದಿಸಿದ ಅಗಸೆ ಎಣ್ಣೆ ತಿಕ್ಕಿದ್ದೆ. ತೇಗದ ಸ್ವಂತ ಎಣ್ಣೆ, ಮೇಲೆ ಪುಣೆಯ ಮಳೆಯ ತೇವ, ಇಪ್ಪತ್ತು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಎಲ್ಲಾ ಕೆರೆದು ಮತ್ತೆ ಶುರು. 320ರ ಕಾಗದದವರೆಗೆ ಉಜ್ಜಿ, ಒದ್ದೆ ಬಟ್ಟೆ ಒರೆಸಿ, ಎದ್ದ ನಾರನ್ನು ಮತ್ತೆ ಉಜ್ಜಿ, ಅಸಿಟೋನ್ ಒರೆಸಿ, ತಕ್ಷಣ ಮೇಣ ತೆಗೆದ ಅರಗಿನ ತೆಳ್ಳನೆ ಒಂದು ಕೋಟು. ಅದು ಒಳಗಿನ ಎಣ್ಣೆಗೆ ಬಾಗಿಲು ಹಾಕುತ್ತದೆ. ಆ ಮೇಲೆ ಅಗಸೆ ಎಣ್ಣೆ, ಅಂಗೈಯಿಂದ ತಿಕ್ಕಿ, ಒಂದು ಸಲಕ್ಕೆ ಅರ್ಧ ಚಮಚ, ದಿನ ಬಿಟ್ಟು ದಿನ, ಎಂಟು ಕೋಟು. ಕೊನೆಯದಕ್ಕೆ ಜೇನುಮೇಣ, ಟರ್ಪೆಂಟೈನ್, ಇನ್ನೊಂದು ವಸ್ತು. ಆ ಇನ್ನೊಂದನ್ನು ಕೇಳಬೇಡಿ. ಎಣ್ಣೆ ಹಿಡಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ, ತಾನೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಕೆಟ್ಟಿನ ಅಂಚಿಗೆ ನೇತುಹಾಕಿ ಒಣಗಿಸಿ. ಸ್ಟಾಕಿನ ಒಳಗೋಡೆಗೂ, ಬಟ್‌ಪ್ಲೇಟಿನ ಅಡಿಗೂ ಅರಗು ಹಚ್ಚಲೇಬೇಕು, ತೇವ ಒಳಹೋಗುವುದು ಅಲ್ಲಿಂದಲೇ.

ಖರ್ಚು, ಮೂರನೆಯದರದ್ದು ಮಾತ್ರ: ಮರ ಸಾವಿರದ ಆಸುಪಾಸು, ಲೇತ್ ಕೆಲಸ ಆರುನೂರು, ರಾಡು, ಅಂಟು, ಅಸಿಟೋನ್ ಐನೂರು, ಎಣ್ಣೆ, ಅರಗು, ಕಾಗದ ಏಳುನೂರು, ಬಟ್‌ಪ್ಯಾಡ್ ನಾನೂರು. ಮೂರು ಸಾವಿರದ ಮೇಲೆ ಚೂರು. ಮುರಿದವೂ ಸೇರಿದರೆ ಏಳರ ಹತ್ತಿರ. ಕಾಶ್ಮೀರದ ಅಕ್ರೋಟು ಹಲಗೆಗೆ ನನಗೆ ಹೇಳಿದ ಬೆಲೆಯೇ ಐದಿತ್ತು.

ತೂಕ ಒಂದು ಕಿಲೋ ನೂರು ಗ್ರಾಂ. ಶೀಶಮ್ ಆಗಿದ್ದರೆ ಕಾಲು ಕಿಲೋ ಜಾಸ್ತಿ ಹೊರಬೇಕಿತ್ತು. ಹತ್ತು ಮೀಟರಿನಲ್ಲಿ ಐದು ಪೆಲೆಟ್ಟಿನ ಗುಂಪು ಕಂಪನಿ ಸ್ಟಾಕಿನಲ್ಲಿ 22 ಮಿ.ಮೀ. ಇತ್ತು, ಈಗ ಹದಿನಾಲ್ಕು-ಹದಿನೈದು. ಅದರಲ್ಲಿ ಅರ್ಧ ಪುಣ್ಯ ಬುಷ್ಷಿನದು. ಸ್ಕ್ರೂ ಸಡಿಲಾಗುವುದು ನಿಂತಿದೆ. ಹೊಸದರಲ್ಲಿ ಮಾತ್ರ ಮೊದಲ ಇನ್ನೂರು ಹೊಡೆತಕ್ಕೆ ಐವತ್ತಕ್ಕೊಮ್ಮೆ ಬಿಗಿ ನೋಡಿ, ಬುಷ್ಷಿನಡಿ ಮರ ಕೂದಲಷ್ಟು ಕೂರುತ್ತದೆ. ಕುತ್ತಿಗೆಗೆ ಇಂಚಿಗೆ ಹದಿನೆಂಟು ಗೆರೆಯ ಚೆಕರಿಂಗ್ (ಕೈ ಜಾರದಂತೆ ಕೊರೆಯುವ ಅಡ್ಡಗೆರೆಗಳ ಜಾಲ) ಹಾಕಲು ಹೋಗಿ ಗೆರೆ ಗೆರೆಯ ನಡುವಿನ ಮೊನೆಗಳೆಲ್ಲ ಉದುರಿದವು. ಅಷ್ಟು ಸಣ್ಣ ಗೆರೆ ತೇಗಕ್ಕಲ್ಲ. ಉಜ್ಜಿ ತೆಗೆದಿದ್ದೇನೆ, ಮುಂದೆ ಹದಿನಾಲ್ಕು ಗೆರೆಯಲ್ಲಿ ನೋಡಬೇಕು, ಮುರಿದ ಎರಡನೇ ಸ್ಟಾಕಿನ ಬಟ್ ಅದಕ್ಕೆಂದೇ ಎತ್ತಿಟ್ಟಿದ್ದೇನೆ.