ಫ್ರೀಮೇಸನ್ರು ಸಾಯಂಗಿಲ್ಲೇನು? ಯಾರಾರ ಕೇಳಿದ್ರ ಹಿಂಗ್ ಹೇಳ್ರಿ

ಫ್ರೀಮೇಸನ್ರು ಅಂದ್ರ ಲಾಡ್ಜ್ ಅನ್ನೋ ಶಾಖೆಗೋಳಾಗ ಕೂಡೋ ಒಂದು ಹಳೇ ಸಂಘದ ಮಂದಿ. ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗ ಚಾ ಕುಡಕೋತ ಯಾವನೋ ಒಬ್ಬ "ಫ್ರೀಮೇಸನ್ರಿಗಿ ಸಾವೇ ಇಲ್ಲ, ಗುಪ್ತ ಮಂತ್ರ ಅದ" ಅಂತಾನ, ಹಂಗ ಅಂದ್ರ ಜಗಳ ಬ್ಯಾಡ್ರಿ, ಮೊದಲ ಎರಡು ಮಾತು ಬ್ಯಾರೆ ಬ್ಯಾರೆ ಮಾಡ್ರಿ, ದೇಹ ಸಾಯಲ್ದಂಗ ಇರೋದು ಒಂದು, ಆತ್ಮ ಉಳಿತದ ಅನ್ನೋ ನಂಬಿಕಿ ಇನ್ನೊಂದು. ಮೊದಲಿಂದು ಅವರು ಹೇಳೇ ಇಲ್ರಿ.

ಆಮ್ಯಾಲ ಮೂರನೇ ಡಿಗ್ರಿ, ಅಂದ್ರ ಆ ಸಂಘದಾಗ ಮೂರನೇ ಮೆಟ್ಟಲು ಏರೋ ವಿಧಿ, ಅದರ ಕಥಿ ಹೇಳ್ರಿ, ಇದೇ ಅಸಲಿ ಮಜಾ ಇರೋದು. ಬೈಬಲ್ಲಿನ ರಾಜ ಸೊಲೊಮನ್ನನ ದೇವಸ್ಥಾನ ಕಟ್ಟಿಸೋ ಹಿರಾಮ್ ಅಬಿಫ್‌ಗ ಗುಟ್ಟು ಹೇಳು ಅಂತ ಮೂರು ಮಂದಿ ಗಂಟು ಬೀಳ್ತಾರ, ಆಂವ ಹೇಳಂಗಿಲ್ಲ, ಹೊಡ್ದು ಕೊಲ್ತಾರ, ಹೂತ ಜಾಗಾದಾಗ ಅಕೇಶಿಯಾ ಟೊಂಗಿ ನೆಟ್ಟಿರ್ತಾರ. ಅಕೇಶಿಯಾ ಅಂದ್ರ ನಮ್ಮ ಜಾಲಿ ಜಾತಿ ಗಿಡಾನೇ ನೋಡ್ರಿ, ಸದಾ ಹಸರು, ಅದಕ್ಕ ಅಮರತ್ವದ ಗುರ್ತು ಅಂತಾರ. ಈ ಡಿಗ್ರಿ ತಗೊಳ್ಳೋರು ಇದೇ ನಾಟಕದಾಗ ಹಿರಾಮ್ ಆಗಬೇಕು. ನಾಟಕ ಅಷ್ಟೇ, ಯಾರೂ ಖರೇನ ಸತ್ತು ಎದ್ದು ಬರಂಗಿಲ್ಲ!

ಎಲ್ಲಾ ಕಡಿ ನಿಯಮ ಒಂದೇ ಅನಬ್ಯಾಡ್ರಿ. ಇಂಗ್ಲೆಂಡ್ ಪದ್ಧತಿಯೊಳಗ ದೇವರ ಮ್ಯಾಲ ನಂಬಿಕಿ ಬೇಕೇ ಬೇಕು, ಯಾವ ಧರ್ಮ ಆದ್ರೂ ನಡಿತದ. ಫ್ರಾನ್ಸಿನ ಗ್ರ್ಯಾಂಡ್ ಓರಿಯಂಟ್ ಅನ್ನೋ ಫ್ರೀಮೇಸನ್ ಸಂಸ್ಥಾ 1849ರಾಗ ತನ್ನ ನಿಯಮದಾಗ ದೇವರು, ಆತ್ಮದ ಅಮರತ್ವ ಎರಡೂ ಬರದು 1877ರಾಗ ತಗದು ಹಾಕ್ತು, ಅಲ್ಲಿಂದ ಇಂಗ್ಲೆಂಡಿನವರ ಜೋಡಿ ಸಂಬಂಧ ಕಟ್.

ವಾಟ್ಸಾಪ್‌ನ್ಯಾಗ ಮೆಂಬರ್‌ಶಿಪ್ ಅಂತ ರೊಕ್ಕ ಕೇಳಿದ್ರ ಬ್ಲಾಕ್ ಮಾಡ್ರಿ. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಅನ್ನೋ ನಮ್ಮ ದೇಶದ ಫ್ರೀಮೇಸನ್ ಸಂಸ್ಥಾ 1961ರಿಂದ ಅದ, ಸೇರಬೇಕಂದ್ರ ಅಲ್ಲೇ ಕೇಳ್ರಿ.